ಮಾತಿಗೊಂದು ಬಾಲ

ಪ್ರಿಯ ಮಕ್ಕಳೇ,

(ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದವರನ್ನೂ ಹೀಗೇ ಕರೆಯುತ್ತೇನೆಂದು ಮುನಿಯಬೇಡಿ.)

ಕಳೆದ ಸಂಚಿಕೆಯ ಅಂಕಣ ಓದಿ ನಿಮ್ಮಲ್ಲೊಬ್ಬಳು ನನಗೊಂದು ಚೀಟಿ ಬರೆದು ಕೊಟ್ಟಿದ್ದಾಳೆ. "ಆಂಟಿ, ‘ಪುಟ್’ ಅಂದರೆ ಇಡು ಅಂತ ಒಂದನೇ ಕ್ಲಾಸಿನಲ್ಲೇ ಕಲಿತೆ. ಆದರೆ ‘ಪುಟ್ ಆಫ್’, ‘ಪುಟ್ ಔಟ್’, ‘ಪುಟ್ ಅಪ್ ವಿತ್’ ಇವುಗಳಲ್ಲಿ ಇಡುವ ಮಾತು ಎಲ್ಲಿದೆ? ಪಟ್ಟಿ ಬಾಯಿಪಾಠ ಮಾಡದೆ ಇದನ್ನು ಕಲಿಯುವ ದಾರಿ ಇಲ್ಲವೇ?" ಎಂದು ಅವಳ ಪ್ರಶ್ನೆ. ಹುಟ್ಟಿದಾಗಿನಿಂದ ಹೈದರಾಬಾದಿನಲ್ಲೇ ಬೆಳೆದ, ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ ಹುಡುಗಿ ಇವಳು. ಅವಳಿಗೇ ಈ ತೊಡಕಾದರೆ ನಮ್ಮಂಥವರ ಪಾಡೇನು? ನಮ್ಮ ಕಾಲದಲ್ಲಂತೂ ಮೇಷ್ಟ್ರು ಪಟ್ಟಿ ಬರೆಸಿ, ಮರುದಿನ ನಿಲ್ಲಿಸಿ ಒಪ್ಪಿಸಿಕೊಳ್ಳುತ್ತಿದ್ದರು. ಬಿ.ಎ. ಮುಗಿಯುವ ಹೊತ್ತಿಗೆ ಪಟ್ಟಿಯೇನೋ ಬಾಯಿಗೆ ಬಂದಿತ್ತು, ಯಾಕೆ ಹಾಗೆ ಎಂದು ಯಾರೂ ಹೇಳಿರಲಿಲ್ಲ.

ಸಮಾಧಾನದ ಮಾತೊಂದಿದೆ. ಡಾಕ್ಟರ್ ಜಾನ್ಸನ್ 1755ರಲ್ಲಿ ತಮ್ಮ ದೊಡ್ಡ ಇಂಗ್ಲಿಷ್ ನಿಘಂಟನ್ನು ಹೊರತಂದಾಗ ಅದರ ಮುನ್ನುಡಿಯಲ್ಲೇ ಈ ವಿಷಯ ಎತ್ತಿದ್ದರು. ಕ್ರಿಯಾಪದದ ಹಿಂದೆ ಒಂದು ಚಿಕ್ಕ ಮಾತು ಸೇರಿ ಅರ್ಥವೇ ಬೇರೆಯಾಗಿಬಿಡುವುದು ತಮ್ಮ ಭಾಷೆಯಲ್ಲಿ ಬಹಳ, ಪರದೇಶದವರಿಗೆ ಅತಿ ಕಷ್ಟವಾಗುವುದೂ ಇದೇ, ಆದ್ದರಿಂದ ಇವನ್ನು ವಿಶೇಷ ಶ್ರದ್ಧೆಯಿಂದ ಗುರುತಿಸಿದ್ದೇನೆ ಎಂಬುದು ಅವರ ಮಾತಿನ ಸಾರ. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು ಬಹಳ ತಡವಾಗಿ. 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬವರ ಪುಸ್ತಕದಿಂದ. ನಿಘಂಟುಕಾರ ಹೆನ್ರಿ ಬ್ರಾಡ್ಲಿ ಅವರಿಗೆ ಈ ಹೆಸರನ್ನು ಸೂಚಿಸಿದ್ದರಂತೆ.

ನೀವು ಕೇಳಬಹುದು, "ಆಂಟಿ, ಆಫೀಸಿನಲ್ಲಿ ನಾವು ಹೇಗೋ ನಿಭಾಯಿಸುತ್ತೇವೆ, ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ?" ಎಂದು. ಆಫೀಸಿನ ಚಿಂತೆ ನನಗಿಲ್ಲ. ನನ್ನ ಚಿಂತೆ ಆಸ್ಪತ್ರೆಯದು. ನಮ್ಮ ಮನೆಗಳಲ್ಲಿ ಅಜ್ಜಿ ತಾತಂದಿರನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ನೀವು. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುವವರು ಯಾರು? ಅದೂ ನೀವೇ. ಡಾಕ್ಟರು ಲ್ಯಾಟಿನ್ ಹೆಸರಿನ ಕಾಯಿಲೆ ಹೇಳಿದರೆ ನೀವು ಮತ್ತೊಮ್ಮೆ ಕೇಳುತ್ತೀರಿ, ಬರೆಸಿಕೊಳ್ಳುತ್ತೀರಿ. ‘ಕಟ್’, ‘ಕಮ್’, ‘ಬ್ರಿಂಗ್’ ಎಂದರೆ ಕೇಳುವುದಿಲ್ಲ, ಗೊತ್ತಿದೆ ಎಂದುಕೊಳ್ಳುತ್ತೀರಿ. ಅಪಾಯ ಇರುವುದು ಅಲ್ಲೇ.

‘ಕಟ್ ಡೌನ್ ಆನ್ ಸಾಲ್ಟ್’ ಎಂದರೆ ಉಪ್ಪು ಕಡಿಮೆ ಮಾಡಿ. ‘ಕಟ್ ಔಟ್ ಸಾಲ್ಟ್’ ಎಂದರೆ ಉಪ್ಪನ್ನು ಪೂರ್ತಿ ಬಿಟ್ಟುಬಿಡಿ. ಕ್ರಿಯಾಪದ ಒಂದೇ, ಅಜ್ಜಿಯ ಸಾರಿಗೆ ಮಾತ್ರ ಭೂಮಿ ಆಕಾಶದ ಅಂತರ! ‘ಟೇಪರ್ ಆಫ್’ ಎಂದರೆ ಮಾತ್ರೆಯನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ ಹೋಗಿ ಎಂದು. ಅದರಲ್ಲಿ ‘ಆಫ್’ ಮಾತ್ರ ಕಿವಿಗೆ ಬಿದ್ದು, "ನಾಳೆಯಿಂದ ಮಾತ್ರೆ ಬಂದ್" ಎಂದು ಹೇಳಿದರೆ ಏನಾದೀತು? ಬಹಳ ದಿನ ತೆಗೆದುಕೊಂಡ ಸ್ಟೀರಾಯ್ಡ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು. ನರ್ಸು ಬಂದು "ಕ್ಯಾನ್ ಶಿ ಕೀಪ್ ಹರ್ ಫುಡ್ ಡೌನ್?" ಎಂದು ಕೇಳುತ್ತಾಳೆ. ಊಟವನ್ನು ಕೆಳಗಿಡುವ ಮಾತಲ್ಲ ಅದು, ತಿಂದದ್ದು ವಾಂತಿಯಾಗದೆ ನಿಲ್ಲುತ್ತದೆಯೇ ಎಂದು. ‘ಬ್ರಿಂಗ್ ಅಪ್’ ಎಂದರೆ ಮಕ್ಕಳನ್ನು ಸಾಕುವುದು ನಿಮಗೆ ಗೊತ್ತು. ರೋಗಿಯ ವಿಷಯದಲ್ಲಿ ಅದು ತಿಂದದ್ದನ್ನೋ ಕಫವನ್ನೋ ಹೊರಹಾಕುವುದು. ‘ಕಮ್ ರೌಂಡ್’ ಎಂದರೆ ನೆರೆಯವರು ಚಹಾಕ್ಕೆ ಬಂದು ಹೋಗುವುದೂ ಹೌದು, ಆಪರೇಷನ್ ಆದವರಿಗೆ ಪ್ರಜ್ಞೆ ಮರಳುವುದೂ ಹೌದು. ಯಾವುದೆಂದು ಸಂದರ್ಭವೇ ಹೇಳಬೇಕು.

ಇವೆಲ್ಲಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ನಮಗೆ ಪರಿಚಯದ ಒಂದು ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಅಜ್ಜನಿಗೆ ಶುಕ್ರವಾರ ಆಪರೇಷನ್ ಎಂದು ನಿಗದಿಯಾಗಿತ್ತು. ಕಲಬುರಗಿಯಲ್ಲಿದ್ದ ಅವರ ತಮ್ಮ ಗುರುವಾರದ ರೈಲಿಗೆ ಟಿಕೆಟ್ ಮಾಡಿಸಿದ್ದರು. ಸೋಮವಾರ ಆಸ್ಪತ್ರೆಯಿಂದ ಮೊಮ್ಮಗನ ಮೊಬೈಲಿಗೆ ಸುದ್ದಿ ಬಂತು: ಆಪರೇಷನ್ ‘ಬ್ರಾಟ್ ಫಾರ್ವರ್ಡ್’ ಎಂದು. ಹುಡುಗ ಬ್ಯಾಂಕಿನ ಲೈನಿನಲ್ಲಿ ನಿಂತಿದ್ದವನು, ಪೂರ್ತಿ ಓದದೆ ಚಿಕ್ಕಜ್ಜನಿಗೆ ಫೋನ್ ಮಾಡಿ, "ಆಪರೇಷನ್ ಮುಂದಕ್ಕೆ ಹಾಕಿದ್ದಾರೆ" ಎಂದ. ಮಾತಿಗೆ ಮಾತು ಸರಿಯಾಗಿಯೇ ಇದೆ ನೋಡಿ. ಬ್ರಿಂಗ್ ಎಂದರೆ ತರು, ಫಾರ್ವರ್ಡ್ ಎಂದರೆ ಮುಂದಕ್ಕೆ. ಆದರೆ ಕನ್ನಡದಲ್ಲಿ ‘ಮುಂದಕ್ಕೆ ಹಾಕು’, ‘ಮುಂದೂಡು’ ಎಂದರೆ ತಡಮಾಡುವುದು. ಇಂಗ್ಲಿಷಿನಲ್ಲಿ ‘ಬ್ರಿಂಗ್ ಫಾರ್ವರ್ಡ್’ ಎಂದರೆ ಮೊದಲೇ ಮಾಡುವುದು! ಆಪರೇಷನ್ ಮಂಗಳವಾರಕ್ಕೇ ಬಂದಿತ್ತು. ಚಿಕ್ಕಜ್ಜ ಟಿಕೆಟ್ ರದ್ದು ಮಾಡಿ, ಮುಂದಿನ ದಿನಾಂಕ ತಿಳಿಸುತ್ತಾರೆಂದು ಮನೆಯಲ್ಲಿ ಕೂತರು. ದೇವರ ದಯೆ, ಅಜ್ಜನಿಗೆ ಏನೂ ಆಗಲಿಲ್ಲ. ಆದರೆ ಥಿಯೇಟರಿಗೆ ಹೋಗುವ ಮುಂಚೆ "ತಮ್ಮ ಬಂದನೇನು?" ಎಂದು ಅವರು ಎರಡು ಸಲ ಕೇಳಿದರಂತೆ.

ಇಲ್ಲಿ ಯಾರಿಗೂ ಭಾಷೆ ಬರುವುದಿಲ್ಲ ಎನ್ನುವಂತಿಲ್ಲ. ಎರಡು ಭಾಷೆಗಳು ಕಾಲವನ್ನು ಎರಡು ಕಡೆಯಿಂದ ನೋಡುತ್ತವೆ, ಅಷ್ಟೇ. ನಾವು ಕೆಲಸವನ್ನು ನಮ್ಮಿಂದ ಆಚೆ ತಳ್ಳಿದಾಗ ಅದು ‘ಮುಂದೆ’ ಹೋಗುತ್ತದೆ. ಇಂಗ್ಲಿಷಿನವನಿಗೆ ದಿನಗಳು ಸಾಲಾಗಿ ಅವನ ಕಡೆಗೆ ನಡೆದು ಬರುತ್ತಿರುವಂತೆ. ಸಾಲಿನಲ್ಲಿ ಹಿಂದಿದ್ದವನನ್ನು ಮುಂದಕ್ಕೆ ಕರೆದರೆ ಅವನು ಬೇಗ ಬರುತ್ತಾನೆ. ಅದಕ್ಕೇ ಅವರ ‘ಪುಟ್ ಬ್ಯಾಕ್’, ‘ಪುಶ್ ಬ್ಯಾಕ್’ ಎಂದರೆ ತಡಮಾಡುವುದು, ಅಮೆರಿಕದವರ ‘ಮೂವ್ ಅಪ್’ ಎಂದರೆ ಬೇಗ ಮಾಡುವುದು. ನಮ್ಮ ದೇಶದವರು ‘ಪ್ರಿಪೋನ್’ ಎಂಬ ಮಾತು ಬಳಸುತ್ತಾರೆಂದು ಕೆಲವರು ನಗುತ್ತಾರೆ. ನಗಲಿ ಬಿಡಿ. ಪೋಸ್ಟ್‌ಪೋನ್‌ಗೆ ಎದುರಾಗಿ ನಿಂತ ಆ ಮಾತಿನಲ್ಲಿ ಹಿಂದೆ ಮುಂದೆಯ ಗೊಂದಲವೇ ಇಲ್ಲ. ಈಗ ಇಂಗ್ಲಿಷ್ ನಿಘಂಟುಗಳೂ ಅದನ್ನು ಭಾರತದ ಬಳಕೆಯೆಂದು ಸೇರಿಸಿಕೊಂಡಿವೆ. ಇಂಥ ಸುದ್ದಿ ಬಂದಾಗ ನೀವು ಒಂದೇ ಕೆಲಸ ಮಾಡಿ. ‘ಮುಂದೆ’, ‘ಹಿಂದೆ’ ಎಂಬ ಮಾತನ್ನೇ ಬಾಯಿಗೆ ತರದೆ ವಾರ, ತಾರೀಖು ಹೇಳಿ.

ಈಗ ಚೀಟಿಯ ಪ್ರಶ್ನೆಗೆ ಬರೋಣ. ಪುಟ್ ಎಂಬುದರಲ್ಲಿ ಇಡುವುದು ಎಲ್ಲಿ ಹೋಯಿತು? ಇದಕ್ಕೆ ಉತ್ತರ ಇಂಗ್ಲಿಷ್ ವ್ಯಾಕರಣದ ಪುಸ್ತಕಕ್ಕಿಂತ ನಮ್ಮ ಅಡುಗೆಮನೆಯಲ್ಲಿ ಬೇಗ ಸಿಗುತ್ತದೆ. ನಿಮ್ಮ ಅಮ್ಮ "ಆ ಎರಡು ದೋಸೆ ತಿಂದುಬಿಡು" ಎನ್ನುತ್ತಾಳೆ. ಬಿಡು ಎಂದರೆ ಬಿಡುವುದು. ತಿಂದ ಮೇಲೆ ಬಿಡುವುದೇನನ್ನು? ಏನನ್ನೂ ಅಲ್ಲ. ಅಲ್ಲಿ ‘ಬಿಡು’ ತನ್ನ ಸ್ವಂತ ಅರ್ಥ ಕಳಚಿಟ್ಟು, "ಪೂರ್ತಿ ಮುಗಿಸು" ಎಂಬುದನ್ನು ಮಾತ್ರ ಹೇಳುತ್ತದೆ. ಇಂಗ್ಲಿಷಿನ ‘ಈಟ್ ಅಪ್’ನಲ್ಲಿ ‘ಅಪ್’ ಮಾಡುವ ಕೆಲಸವೂ ಅದೇ! ‘ಯೂಸ್ ಅಪ್’, ‘ಡ್ರಿಂಕ್ ಅಪ್’, ‘ಡ್ರೈ ಅಪ್’ ಎಲ್ಲದರಲ್ಲೂ ಮೇಲೆ ಹೋಗುವುದು ಏನೂ ಇಲ್ಲ, ಮುಗಿಯುವುದು ಇದೆ. ‘ರೈಟ್ ಡೌನ್’ ಎಂದರೆ ಬರೆದಿಡು, ಬರೆದುಕೊ. ‘ಟ್ರೈ ಔಟ್’ ಎಂದರೆ ಮಾಡಿನೋಡು. ಅಲ್ಲಿ ಕಣ್ಣಿನಿಂದ ನೋಡುವುದೇನಿದೆ? ‘ರನ್ ಅವೇ’ ಓಡಿಹೋಗು, ‘ಥ್ರೋ ಅವೇ’ ಎಸೆದುಬಿಡು. ಇಡು, ಬಿಡು, ಹೋಗು, ಹಾಕು, ನೋಡು, ಕೊಳ್ಳು ಎಂಬ ಈ ಅರ್ಧ ಡಜನ್ ಕ್ರಿಯಾಪದಗಳನ್ನು ನಾವು ಇನ್ನೊಂದು ಕ್ರಿಯಾಪದದ ಬಾಲಕ್ಕೆ ಕಟ್ಟುತ್ತೇವೆ. ಇಂಗ್ಲಿಷಿನವರು ಮೇಲೆ, ಕೆಳಗೆ, ಒಳಗೆ, ಹೊರಗೆ ಎಂಬ ದಿಕ್ಕುಗಳನ್ನು ಕಟ್ಟುತ್ತಾರೆ.

ನಿಮ್ಮ ಪುಣ್ಯ ದೊಡ್ಡದು, ಏಕೆಂದರೆ ಈ ಊರಿನಲ್ಲಿ ನೀವು ಆಡುವ ಮಾತುಗಳೆಲ್ಲ ಇದೇ ಜಾತಿಯವು. ತೆಲುಗಿನ ‘ರಾಸುಕೊ’ ನಮ್ಮ ‘ಬರೆದುಕೊ’. ಹಿಂದಿಯ ‘ಖಾ ಲೋ’, ‘ಲಿಖ್ ಲೋ’ ಕೂಡ ಹಾಗೆಯೇ. ಮೂರು ಭಾಷೆಯಲ್ಲಿ ದಿನಕ್ಕೆ ನೂರು ಸಲ ಮಾಡುವ ಕೆಲಸವನ್ನೇ ನಾಲ್ಕನೆಯದರಲ್ಲಿ ಬೇರೆ ಸಾಮಾನಿನಿಂದ ಮಾಡಬೇಕಾಗಿದೆ ಎಂದುಕೊಳ್ಳಿ, ಅರ್ಧ ಹೆದರಿಕೆ ಹೋಗುತ್ತದೆ.

ನಮ್ಮ ಜನರ ಜಾಣತನ ನೋಡಿ. ‘ಸ್ವಿಚ್ ಆಫ್’ ಬಂದಾಗ ಅದರ ಕ್ರಿಯಾಪದವನ್ನು ಬಿಸಾಡಿ ಬಾಲವನ್ನಷ್ಟೇ ಇಟ್ಟುಕೊಂಡರು: "ಲೈಟ್ ಆಫ್ ಮಾಡು, ಫ್ಯಾನ್ ಆನ್ ಮಾಡು." ತೆಲುಗಿನವರ ‘ಆಫ್ ಚೇಯಿ’ ಕೂಡ ಅದೇ. ‘ಮೂಡ್ ಆಫ್ ಆಯ್ತು’ ಎನ್ನುತ್ತೇವೆ, ದಿನಾ ರೈಲಿನಲ್ಲಿ ಓಡಾಡುವವರನ್ನು ‘ಅಪ್ ಡೌನ್ ಮಾಡ್ತಾರೆ’ ಎನ್ನುತ್ತೇವೆ. ಎಲ್ಲಕ್ಕೂ ನಮ್ಮದೇ ಮಾಡು, ಆಗು. ಆದರೆ ಇದೇ ಅಭ್ಯಾಸದಿಂದ ‘ಆಫ್’ ಎಂದರೆ ನಿಲ್ಲುವುದೊಂದೇ ಎಂದು ತಲೆಯಲ್ಲಿ ಕೂತುಬಿಡುತ್ತದೆ. ‘ದಿ ಲೈಟ್ಸ್ ವೆಂಟ್ ಆಫ್’ ಎಂದರೆ ದೀಪ ಆರಿದವು, ಸರಿ. ‘ದಿ ಅಲಾರಂ ವೆಂಟ್ ಆಫ್’ ಎಂದರೆ? ಅಲಾರಂ ಹೊಡೆದುಕೊಂಡಿತು ಎಂದು! ‘ದಿ ಮಿಲ್ಕ್ ಹ್ಯಾಸ್ ಗಾನ್ ಆಫ್’ ಎಂದರೆ ಹಾಲು ಕೆಟ್ಟಿತು.

ಇನ್ನು ಬಾಲಕ್ಕೆ ಇನ್ನೊಂದು ಬಾಲ ಬರುವ ಕಥೆ. ‘ಕಟ್ ಡೌನ್ ಆನ್’, ‘ರನ್ ಔಟ್ ಆಫ್’, ‘ಗೆಟ್ ಅಲಾಂಗ್ ವಿತ್’ ಇಂಥವು. ಎರಡು ಚಿಕ್ಕ ಮಾತುಗಳೂ ಒಂದೇ ಥರ ಕಾಣುತ್ತವೆ, ಕೆಲಸ ಮಾತ್ರ ಬೇರೆ. ಮೊದಲನೆಯದು ಕ್ರಿಯಾಪದಕ್ಕೆ ಅಂಟಿದ್ದು, ನಮ್ಮ ಬಿಡು, ಹೋಗುಗಳ ಹಾಗೆ. ಎರಡನೆಯದು ಮುಂದೆ ಬರುವ ನಾಮಪದಕ್ಕೆ ಸೇರಿದ್ದು, ನಮ್ಮ ವಿಭಕ್ತಿಯ ಹಾಗೆ. ನಾವು ‘ಅವಳ ಜೊತೆ’, ‘ಉಪ್ಪಿನಲ್ಲಿ’ ಎಂದು ವಿಭಕ್ತಿಯನ್ನೋ ಅಂಥದೇ ಮಾತನ್ನೋ ಹಿಂದೆ ಹಾಕುತ್ತೇವೆ, ಅವರು ಅದನ್ನು ಮುಂದೆ ಹಾಕುತ್ತಾರೆ. ಪರೀಕ್ಷೆ ಸುಲಭ. ನಾಮಪದವನ್ನು ತೆಗೆದುಬಿಡಿ. ‘ಯು ಶುಡ್ ಕಟ್ ಡೌನ್’ ಎಂದು ನಿಲ್ಲಿಸಬಹುದು, ‘ಆನ್’ ತಾನಾಗಿ ಉದುರುತ್ತದೆ, ‘ಡೌನ್’ ಉಳಿಯುತ್ತದೆ. ‘ದೇ ಗೆಟ್ ಅಲಾಂಗ್’ ಎಂದರೂ ಸಾಕು, ಅತ್ತೆ ಸೊಸೆ ಹೊಂದಿಕೊಂಡಿದ್ದಾರೆ ಎಂದಾಯಿತು. ಎಲ್ಲ ಕಡೆಗೂ ಈ ಪರೀಕ್ಷೆ ನಡೆಯುವುದಿಲ್ಲ. ‘ಪುಟ್ ಅಪ್ ವಿತ್’ನಲ್ಲಿ ವಿತ್ ತೆಗೆದರೆ ಸಹಿಸಿಕೊಳ್ಳುವ ಅರ್ಥವೇ ಹೋಗುತ್ತದೆ. ಸಹಿಸಿಕೊಳ್ಳಲು ಯಾರಾದರೂ ಎದುರಿಗಿರಲೇಬೇಕಲ್ಲ!

ಒಂದೇ ಬಾಲ ಇದ್ದಾಗ ಅದು ಯಾವ ಜಾತಿಯದು ಎಂದು ತಿಳಿಯುವುದು ಹೇಗೆ? ‘ಇಟ್’ ಹಾಕಿ ನೋಡಿ. ನಿಘಂಟಿನಲ್ಲಿ ಹುಡುಕು ಎನ್ನಲು ‘ಲುಕ್ ಇಟ್ ಅಪ್’, ಇಟ್ ನಡುವೆ ಬಂತು. ನೋಡು ಎನ್ನಲು ‘ಲುಕ್ ಅಟ್ ಇಟ್’, ಇಟ್ ಕೊನೆಗೆ ಹೋಯಿತು. ‘ಲುಕ್ ಅಪ್ ಇಟ್’ ಎಂದೂ, ‘ಲುಕ್ ಇಟ್ ಅಟ್’ ಎಂದೂ ಯಾರೂ ಅನ್ನುವುದಿಲ್ಲ. ಹೀಗೆ ನಡುವೆ ಸೀಳುವುದು ವಿಚಿತ್ರ ಎನ್ನಬೇಡಿ. ನಾವೂ ‘ತಿಂದುಬಿಟ್ಟ’ ಎಂಬುದನ್ನು ಸೀಳಿ ‘ತಿಂದೇಬಿಟ್ಟ’ ಎನ್ನುವುದಿಲ್ಲವೇ?

ನೀವು ದಿನವೂ ಕಾಗದದಲ್ಲಿ, ಈ-ಮೇಲಿನಲ್ಲಿ ಬರೆಯುವ ‘ಲುಕ್ ಫಾರ್ವರ್ಡ್ ಟು’ ಕೂಡ ಇಲ್ಲೇ ಬಗೆಹರಿಯುತ್ತದೆ. ‘ಐ ಲುಕ್ ಫಾರ್ವರ್ಡ್ ಟು ಇಟ್’ ಎನ್ನಬಹುದಾದ್ದರಿಂದ ಆ ‘ಟು’ ವಿಭಕ್ತಿಯ ಜಾತಿಯದು, ಅದರ ಮುಂದೆ ನಾಮಪದದಂತೆ ನಡೆಯುವ ‘ಮೀಟಿಂಗ್ ಯು’ ಬರಬೇಕು. ‘ಟು ಮೀಟ್ ಯು’ ಎಂದು ಬರೆದ ಎಷ್ಟು ಅರ್ಜಿಗಳನ್ನು ನಾನೇ ತಿದ್ದಿ ಕಳುಹಿಸಿಲ್ಲ! ಅಮೀರ್‌ಪೇಟೆಯಲ್ಲಿ ಹಣ ಕೊಟ್ಟು ಇಂಗ್ಲಿಷ್ ಕಲಿತವರೂ ಹೀಗೆ ಬರೆಯುತ್ತಾರೆ.

ನಮ್ಮ ಭಾಷೆಗಳು ನಮ್ಮ ಇಂಗ್ಲಿಷಿನೊಳಗೆ ಹೇಗೆ ಇಣುಕುತ್ತವೆ ಎಂಬುದೂ ನೋಡಲು ಚೆನ್ನ. ಬಸ್ಸಿನಲ್ಲಿ ‘ಐ ವಿಲ್ ಗೆಟ್ ಡೌನ್ ಎಟ್ ಕೋಠಿ’ ಎನ್ನುತ್ತೇವೆ. ಕನ್ನಡದ ಇಳಿ, ತೆಲುಗಿನ ದಿಗು, ಹಿಂದಿಯ ಉತರ್ ಮೂರೂ ಕೆಳಗೆ ಬರುವ ಮಾತುಗಳೇ, ಅದಕ್ಕೇ ‘ಡೌನ್’. ಇಂಗ್ಲಿಷಿನವರು ಬಸ್ಸು, ರೈಲು, ಮೆಟ್ರೋ, ವಿಮಾನ ಎಂದರೆ ‘ಗೆಟ್ ಆನ್’, ‘ಗೆಟ್ ಆಫ್’ ಎನ್ನುತ್ತಾರೆ, ಕಾರು, ಟ್ಯಾಕ್ಸಿ ಎಂದರೆ ‘ಗೆಟ್ ಇನ್’, ‘ಗೆಟ್ ಔಟ್’. ಒಳಗೆ ಎದ್ದು ನಿಂತು ಓಡಾಡಬಹುದಾದದ್ದಕ್ಕೆ ಆನ್, ಮೈ ಮುದುರಿ ಕೂರಬೇಕಾದದ್ದಕ್ಕೆ ಇನ್ ಎಂದು ನೆನಪಿಡಿ. ನಮ್ಮ ಆಟೋ ಯಾವುದಕ್ಕೆ ಸೇರುತ್ತದೆಂದು ಹೇಳಬೇಕಾಗಿಲ್ಲ. ‘ಮಿಲ್ಕ್ ಗಾಟ್ ಓವರ್’ ಎಂಬುದು ನಮ್ಮ ‘ಹಾಲು ಆಗಿಹೋಯ್ತು’, ತೆಲುಗಿನ ‘ಪಾಲು ಅಯಿಪೋಯಾಯಿ’. ನಮ್ಮಲ್ಲಿ ಮುಗಿಯುವುದು ಹಾಲು. ‘ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್’ ಎನ್ನುವಾಗ ಹಾಲಿಲ್ಲದೆ ಬರಿದಾಗುವವರು ಮನೆಯವರು. ‘ಡಿಸ್ಕಸ್ ಅಬೌಟ್’ ಎಂಬುದು ‘ಅದರ ಬಗ್ಗೆ ಚರ್ಚಿಸು’ ಎಂಬುದರ ನೆರಳು, ‘ರಿಟರ್ನ್ ಬ್ಯಾಕ್’ ಎಂಬುದು ‘ಹಿಂದಿರುಗು’ವಿನದು. ‘ಕೋಪ್ ಅಪ್ ವಿತ್’ ಎಲ್ಲಿಂದ ಬಂತು? ಪುಟ್ ಅಪ್ ವಿತ್, ಕೀಪ್ ಅಪ್ ವಿತ್ ಇವುಗಳ ಸಹವಾಸ ದೋಷ ಎಂದು ನನ್ನ ಊಹೆ. ಕೋಪ್ ವಿತ್ ಎಂದರೆ ಸಾಕು.

‘ಪಾಸ್ಡ್ ಔಟ್’ ಬಗ್ಗೆ ಮಾತ್ರ ನಾನು ನಮ್ಮವರ ಪರ. ದುಂಡಿಗಲ್ ವಾಯುಸೇನಾ ಅಕಾಡೆಮಿಯ ಪಾಸಿಂಗ್ ಔಟ್ ಪರೇಡ್ ಸುದ್ದಿ ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ತರಬೇತಿ ಮುಗಿಸಿ ಹೊರಬರುವುದಕ್ಕೆ ಬ್ರಿಟಿಷ್ ಸೈನ್ಯದ ಮಾತು ಅದು, ನಾವು ಅದನ್ನು ಕಾಲೇಜಿಗೂ ತಂದೆವು. ಆದರೂ ಹೊರದೇಶಕ್ಕೆ ಅರ್ಜಿ ಹಾಕುವಾಗ ‘ಗ್ರಾಜುಯೇಟೆಡ್’ ಎಂದೇ ಬರೆಯಿರಿ, ಇಲ್ಲವಾದರೆ ನೀವು ಕಾಲೇಜಿನಲ್ಲಿ ಮೂರ್ಛೆ ಹೋದಿರೆಂದು ತಿಳಿದಾರು.

ಇದಕ್ಕೆಲ್ಲ ಕಾರಣ, ನಾವು ಇಂಗ್ಲಿಷನ್ನು ಪುಸ್ತಕದಿಂದ ಕಲಿತವರು. ಎಕ್ಸ್‌ಟಿಂಗ್ವಿಶ್, ಪೋಸ್ಟ್‌ಪೋನ್, ಟಾಲರೇಟ್ ಎಂಬ ಲ್ಯಾಟಿನ್ ಮೂಲದ ಘನವಾದ ಮಾತುಗಳು ನಮಗೆ ಸಲೀಸು. ಪುಟ್ ಔಟ್, ಪುಟ್ ಆಫ್, ಪುಟ್ ಅಪ್ ವಿತ್ ಎಂಬ ಅವರ ಮನೆಮಾತು ಕಷ್ಟ. ಕನ್ನಡ ಕಲಿತ ಪರದೇಶದವನೊಬ್ಬ ‘ಭೋಜನ ಸ್ವೀಕರಿಸಿದೆ’ ಎನ್ನುತ್ತಾ ‘ಉಂಡೆ’ ಎನ್ನಲು ತಡವರಿಸಿದ ಹಾಗೆ. ಈ ಕೊರತೆಯನ್ನು ತುಂಬಲು ನಮ್ಮ ಊರಿನಲ್ಲೇ 1958ರಲ್ಲಿ ಒಂದು ಸಂಸ್ಥೆ ಹುಟ್ಟಿತು, ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್. ಉಸ್ಮಾನಿಯಾ ಕ್ಯಾಂಪಸ್ಸಿನ ಪಕ್ಕದಲ್ಲಿ, ತಾರ್ನಾಕಾ ಕಡೆ ಹೋಗುವಾಗ ನೀವು ನೋಡಿರಬಹುದು. 1972ರಲ್ಲಿ ಅದರ ಹೆಸರಿಗೆ ವಿದೇಶಿ ಭಾಷೆಗಳೂ ಸೇರಿದವು, 2007ರಿಂದ ಅದು ಇಫ್ಲು ಎಂಬ ಕೇಂದ್ರೀಯ ವಿಶ್ವವಿದ್ಯಾಲಯ. ದೇಶದ ಇಂಗ್ಲಿಷ್ ಮೇಷ್ಟ್ರುಗಳಿಗೆ ಪಾಠ ಹೇಳುವ ಆ ಸಂಸ್ಥೆಯ ನಿರ್ದೇಶಕರಾಗಿ 1960ರ ದಶಕದ ಮೊದಲ ವರ್ಷಗಳಲ್ಲಿ ಇದ್ದವರು ಯಾರು ಗೊತ್ತೇ? ನಮ್ಮ ವಿ.ಕೃ. ಗೋಕಾಕರು! ‘ವಿನಾಯಕ’ ಎಂಬ ಹೆಸರಿನಿಂದ ಕನ್ನಡದಲ್ಲಿ ಬರೆದ, 1990ರ ಜ್ಞಾನಪೀಠ ಪ್ರಶಸ್ತಿ ಪಡೆದ ಕವಿ. ಕನ್ನಡ ಬಂದರೆ ಇಂಗ್ಲಿಷ್ ಕೆಡುತ್ತದೆ ಎನ್ನುವ ನಿಮ್ಮ ಸ್ನೇಹಿತರಿಗೆ ಈ ಒಂದು ಹೆಸರು ಹೇಳಿ ಸಾಕು.

ಈಗ ಇನ್ನೊಂದು ದಿಕ್ಕಿನ ಮಾತು. ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಕನ್ನಡ ಓದಿದವರು ನಿಮ್ಮಲ್ಲಿ ಕೆಲವರಷ್ಟೇ, ಉಳಿದವರದು ಕಿವಿಯಿಂದ ಕಲಿತ ಕನ್ನಡ. ರಾಯಚೂರು ಕಡೆಯ ಅಜ್ಜನೊಬ್ಬರು ಫೋನಿನಲ್ಲಿ "ಈ ಸಲ ಮಳೆ ಕೈಕೊಟ್ಟಿತಮ್ಮಾ" ಎಂದರೆ ಮೊಮ್ಮಗಳು "ಓ, ಒಳ್ಳೇದಾಯ್ತು ಅಜ್ಜಾ!" ಎಂದಳಂತೆ. ‘ಗಿವ್ ಎ ಹ್ಯಾಂಡ್’ ಎಂದರೆ ಸಹಾಯ ಮಾಡುವುದು, ಹಾಗಾದರೆ ಕೈಕೊಡುವುದೂ ಅದೇ ಇರಬೇಕು ಎಂದು ಅವಳ ಲೆಕ್ಕ. ಬೆಳೆ ಒಣಗಿದ ಮುದುಕ ಫೋನ್ ಹಿಡಿದು ಏನೂ ಹೇಳಲಾರದೆ ಸುಮ್ಮನಾದರು.

ಇಂಗ್ಲಿಷಿನವರು ಬಾಲ ಬದಲಿಸಿದರೆ ನಾವು ಕೆಲವೊಮ್ಮೆ ತಲೆ ಬದಲಿಸುತ್ತೇವೆ. ಒಂದು ‘ಕೈ’ ಇಟ್ಟುಕೊಂಡು ನಮ್ಮವರು ಎಷ್ಟು ಆಡಿದ್ದಾರೆ! ಕೈಕೊಡು ಎಂದರೆ ‘ಲೆಟ್ ಡೌನ್’. ಕೈಬಿಡು ಎಂದರೆ ‘ಗಿವ್ ಅಪ್’. ಕೈಗೊಳ್ಳು ಎಂದರೆ ‘ಟೇಕ್ ಅಪ್’. ಅಂದುಕೊಂಡದ್ದು ಕೈಗೂಡಿತು ಎಂದರೆ ‘ಕೇಮ್ ಆಫ್’, ಕೈಮೀರಿತು ಎಂದರೆ ‘ಗಾಟ್ ಔಟ್ ಆಫ್ ಹ್ಯಾಂಡ್’. ಇಲ್ಲಿ ಮಾತ್ರ ಅವರ ಕೈ ನಮ್ಮ ಕೈ ಒಂದೇ ಆಯಿತು. ಕೈಚೆಲ್ಲುವುದೂ ಗಿವ್ ಅಪ್ಪೇ. ಆದರೆ ಕೈಬಿಡುವವನು ತಾನಾಗಿ ಬಿಡುತ್ತಾನೆ, ಕೈಚೆಲ್ಲುವವನು ಸೋತು ಬಿಡುತ್ತಾನೆ. ಈ ವ್ಯತ್ಯಾಸವನ್ನು ಎರಡಕ್ಷರದ ‘ಅಪ್’ ಹೇಳಲಾರದು.

ಮುಂದಿನ ಸಂಚಿಕೆಯೊಳಗೆ ನಿಮಗೊಂದು ಕೆಲಸ. ಮನೆಯ ಹಿರಿಯರನ್ನು ಕೇಳಿ ‘ಬಾಯಿ’ಯಿಂದ ಶುರುವಾಗುವ ಇಂಥ ಐದು ಮಾತು ಹುಡುಕಿ. ಬಾಯಿಬಿಡು, ಬಾಯಿಹಾಕು ಎರಡನ್ನು ನಾನೇ ಕೊಟ್ಟಿದ್ದೇನೆ, ಅವು ಲೆಕ್ಕಕ್ಕಿಲ್ಲ. ಪಕ್ಕದಲ್ಲಿ ಬಾಲ ಸಮೇತ ಇಂಗ್ಲಿಷ್ ಮಾತು ಬರೆದು ಕಳುಹಿಸಿ. ಮೊಬೈಲಿನಲ್ಲಿ ಬರೆದರೂ ಸರಿ, ಕನ್ನಡ ಲಿಪಿಯಲ್ಲೇ ಇರಲಿ.